ವಾಷಿಂಗ್ ಮಷೀನ್ ಸೋರಿಕೆ: ರಿಪೇರಿಯಾ, ಹೊಸದಾ? ನಾನು ತೀರ್ಮಾನಿಸಿದ ಬಗೆ

ಮಷೀನ್ ಅಡಿಯಲ್ಲಿ ನಿಂತ ನೀರು ನೋಡಿ, ಅದು ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟ. ನೀರು ಇಳಿಜಾರು ಕಂಡ ಕಡೆ ಓಡುತ್ತದೆ. ಹಿಂದೆ ಸೋರಿದ್ದು ಮುಂದೆ ಬಂದು ನಿಂತಿರುತ್ತದೆ. ಅದಕ್ಕೇ ನಾನು ಮೊದಲು ಗಮನಿಸುವುದು ಯಾವ ಹೊತ್ತಿನಲ್ಲಿ ಸೋರುತ್ತದೆ ಅನ್ನುವುದನ್ನು. ನೀರು ತುಂಬುವಾಗಲೋ, ಒಗೆಯುವಾಗಲೋ, ನೀರು ಹೊರಗೆ ಬಿಡುವಾಗಲೋ, ಹಿಂಡುವಾಗಲೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮದು 2014ರಲ್ಲಿ ಕೊಂಡ 6 ಕೆಜಿಯ ಫ್ರಂಟ್ ಲೋಡ್ ಮಷೀನ್. ಮನೆ ಇರುವುದು ಬೆಂಗಳೂರಿನ ಹೊರವಲಯದಲ್ಲಿ. ಇಲ್ಲಿ ಬಳಕೆಗೆ ಬರುವುದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಎರಡೂ ಗಡಸು. ನಲ್ಲಿ ಬಾಯಿಗೆಲ್ಲ ಬಿಳಿ ಪೊರೆ ಕಟ್ಟಿರುತ್ತದೆ. ಈ ಮಾತು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ನಲ್ಲಿ ಮುಚ್ಚಬೇಕು. ನೆಲ ಒದ್ದೆ ಇದ್ದರೆ ಮೊದಲು ಒರೆಸಿ, ಕಾಲಿಗೆ ಚಪ್ಪಲಿ ಹಾಕಿಕೊಂಡೇ ಹತ್ತಿರ ಹೋಗಬೇಕು. ಇದರಲ್ಲಿ ಅವಸರ ಬೇಡವೇ ಬೇಡ.

ಆಮೇಲೆ ಹಳೇ ನ್ಯೂಸ್‌ಪೇಪರ್ ಹಾಳೆಗಳನ್ನು ಮಷೀನ್ ಅಡಿಗೆ ಹಿಂದಿನಿಂದ ಮುಂದಿನವರೆಗೆ ಹರಡಿದೆ. ಬಟ್ಟೆ ಹಾಕದೆ, ಪುಡಿ ಹಾಕದೆ, ಚಿಕ್ಕ ಪ್ರೋಗ್ರಾಂ ಇಟ್ಟು ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತೆ. ಪೇಪರ್ ಎಲ್ಲಿ ಮೊದಲು ಒದ್ದೆಯಾಗುತ್ತದೋ ಹೆಚ್ಚಾಗಿ ಅದರ ನೇರ ಮೇಲೆ ಸೋರಿಕೆ ಇರುತ್ತದೆ. ಟಾರ್ಚ್ ಒಂದಿದ್ದರೆ ಸಾಕು.

ನೀರು ತುಂಬುವಾಗಲೇ ಸೋರಿದರೆ ಖುಷಿಪಡಿ, ಅದು ಸುಲಭದ ಕೆಲಸ. ಹೆಚ್ಚಾಗಿ ನಲ್ಲಿಯಿಂದ ಬರುವ ಪೈಪಿನ ತುದಿಯ ರಬ್ಬರ್ ವಾಷರ್ ಗಟ್ಟಿಯಾಗಿರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಮಾಲು. ಅಲ್ಲಿ ನೀರು ತಡೆಯುವುದು ವಾಷರ್, ಹಾಗಾಗಿ ಟೇಪ್ ಸುತ್ತಿ ಸುತ್ತಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ನಟ್ಟೇ ಸೀಳುತ್ತದೆ. ಪುಡಿ ಹಾಕುವ ಟ್ರೇ ಕಡೆಯಿಂದ ನೀರು ಬಂದರೆ ಟ್ರೇ ಎಳೆದು ನೋಡಿ. ಗಟ್ಟಿಯಾದ ಪುಡಿ ತೂತುಗಳನ್ನು ಮುಚ್ಚಿರುತ್ತದೆ. ನೊರೆ ಉಕ್ಕಿ ಬರುತ್ತಿದ್ದರೆ ಹೆಚ್ಚಾಗಿ ಮಷೀನಿನದೇನೂ ತಪ್ಪಿರುವುದಿಲ್ಲ, ಬಕೆಟ್‌ನಲ್ಲಿ ಒಗೆಯುವ ಪುಡಿಯನ್ನೋ, ಅಳತೆ ಮೀರಿ ಪುಡಿಯನ್ನೋ ಹಾಕಿರುತ್ತೀರಿ. ನೀರು ಹೊರಬಿಡುವಾಗ ಮಾತ್ರ ಸೋರಿದರೆ ಕೆಳಗಿನ ಫಿಲ್ಟರ್ ಮುಚ್ಚಳ, ಪಂಪ್, ಹೊರಗಿನ ಪೈಪ್, ಇಷ್ಟನ್ನು ನೋಡಿದರೆ ಆಯಿತು. ಕೆಲವೊಮ್ಮೆ ಬಚ್ಚಲಿನ ಕಿಂಡಿಯೇ ಕಟ್ಟಿಕೊಂಡು ನೀರು ವಾಪಸ್ ಬರುವುದೂ ಉಂಟು.

ಒಗೆಯುವಾಗ ಬಾಗಿಲ ಕಡೆಯಿಂದ ಸೋರಿದರೆ ಹೆಚ್ಚಾಗಿ ಬಾಗಿಲ ಸುತ್ತ ಇರುವ ಬೂದು ಬಣ್ಣದ ರಬ್ಬರ್, ಅಂದರೆ ಗ್ಯಾಸ್ಕೆಟ್, ಹರಿದಿರುತ್ತದೆ. ನಮ್ಮಲ್ಲಿ ಕೆಲವು ವರ್ಷಗಳ ಹಿಂದೆ ಇದೇ ಆಗಿತ್ತು. ಕೆಳಭಾಗದ ಮಡಿಕೆ ಬಿಡಿಸಿ ನೋಡಿದರೆ ಒಂದು ಹೇರ್‌ಪಿನ್, ಅದರ ಪಕ್ಕದಲ್ಲಿ ಬೆರಳುಗುರಿನಷ್ಟು ಸೀಳು. ಹೊಸ ಗ್ಯಾಸ್ಕೆಟ್ ತರಿಸಿ ನಾನೇ ಹಾಕಿದೆ. ಸುತ್ತಲಿನ ತಂತಿಗೆ ಒಂದು ಸ್ಪ್ರಿಂಗ್ ಇರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿದರೆ ತಂತಿ ಬರುತ್ತದೆ. ಹಾಕುವಾಗ ಗಮನ ಇರಬೇಕಾದ್ದು ಒಂದೇ ಕಡೆ: ರಬ್ಬರಿನಲ್ಲಿರುವ ಸಣ್ಣ ತೂತುಗಳು ಸರಿಯಾಗಿ ಕೆಳಗೇ ಬರಬೇಕು. ಇಲ್ಲದಿದ್ದರೆ ಮಡಿಕೆಯಲ್ಲಿ ನೀರು ನಿಂತು ಮುಗ್ಗಲು ವಾಸನೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದ ಯಾವುದಕ್ಕೂ ಮಷೀನ್ ಬದಲಾಯಿಸುವ ಅಗತ್ಯವಿಲ್ಲ. ವಾಷರ್, ಪೈಪ್, ಗ್ಯಾಸ್ಕೆಟ್, ಪಂಪ್ ಎಲ್ಲ ಹೊರಗಿನ ಸಾಮಾನು. ಎಷ್ಟೇ ಹಳೆಯ ಮಷೀನ್ ಆದರೂ ಅವನ್ನು ಹಾಕಿಸಿ ಓಡಿಸಬಹುದು. "ಹತ್ತು ವರ್ಷ ಆಯ್ತಲ್ಲ, ಎಸೀರಿ" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಈ ಸಲ ಆಗಿದ್ದು ಬೇರೆ. ತುಂಬುವಾಗ ಪೇಪರ್ ಒಣಗಿಯೇ ಇತ್ತು. ನೀರು ತುಂಬಿದ ಮೇಲೆ ಮಷೀನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾದೆ, ಒಂದು ಹನಿಯೂ ಬೀಳಲಿಲ್ಲ. ಡ್ರಮ್ ತಿರುಗಲು ಶುರುವಾದಾಗ ಹಿಂಬದಿಯ ನಡುಭಾಗದಿಂದ ತೊಟ್ಟಿಕ್ಕತೊಡಗಿತು. ಹಿಂಡುವಾಗ ಜಾಸ್ತಿಯಾಯಿತು. ಜೊತೆಗೆ ಗಡಗಡ ಶಬ್ದ. ಪೇಪರ್ ಮೇಲೆ ಬಿದ್ದ ಹನಿಗಳ ಅಂಚಿನಲ್ಲಿ ಕಂದು ಬಣ್ಣ ಇತ್ತು. ನನಗೆ ಆಗಲೇ ಅನುಮಾನ ಬಂತು.

ಪ್ಲಗ್ ಕಿತ್ತು ಹಿಂದಿನ ತಗಡಿನ ಸ್ಕ್ರೂ ಬಿಚ್ಚಿದೆ. ಡ್ರಮ್ ಇರುವುದು ನೀರು ಹಿಡಿಯುವ ಒಂದು ದೊಡ್ಡ ತೊಟ್ಟಿಯ ಒಳಗೆ. ಬೆಲ್ಟ್ ಓಡುವ ದೊಡ್ಡ ಚಕ್ರದ ಹಿಂದೆ, ಆ ತೊಟ್ಟಿಯ ಸರಿ ಮಧ್ಯದಿಂದ ಕೆಳಕ್ಕೆ ತುಕ್ಕಿನ ಗೆರೆ ಇಳಿದಿತ್ತು. ಮೇಲೆ ಕಡುಕಂದು, ಕೆಳಗೆ ಹೋಗ್ತಾ ಹೋಗ್ತಾ ಕಿತ್ತಳೆ. ಬೆರಳಿಟ್ಟರೆ ಜಿಡ್ಡು ಅಂಟಿತು, ಅದು ಬೇರಿಂಗ್‌ನ, ಅಂದರೆ ಡ್ರಮ್ ಸಲೀಸಾಗಿ ತಿರುಗಲು ಇರುವ ಗುಂಡುಗಳ ಬಳೆಯ, ಗ್ರೀಸ್. ಬೆಲ್ಟ್ ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ಒಳಗೆ ಮರಳು ಸಿಕ್ಕಿಕೊಂಡಂತೆ ಗರಗರ ಅಂದಿತು. ಬಾಗಿಲು ತೆಗೆದು ಡ್ರಮ್ಮಿನ ಮೇಲಂಚು ಹಿಡಿದು ಎತ್ತಿದರೆ ಅದೊಂದೇ ಅಲ್ಲಾಡಿತು, ಹೊರಗಿನ ತೊಟ್ಟಿ ಅಲ್ಲಾಡಲಿಲ್ಲ.

ಡ್ರಮ್ಮಿನ ಶಾಫ್ಟ್, ಅಂದರೆ ಅದನ್ನು ತಿರುಗಿಸುವ ದಂಡ, ತೊಟ್ಟಿಯಿಂದ ಹೊರಬರುವ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ, ಅದರ ಹಿಂದೆ ಎರಡು ಬೇರಿಂಗ್. ಸೀಲ್ ಸವೆದರೆ ಸೋಪಿನ ನೀರು ಬೇರಿಂಗ್‌ಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಆಮೇಲೆ ತುಕ್ಕು, ಶಬ್ದ, ಅಲ್ಲಾಟ. ಒಗೆಯುವಾಗ ನಿಂತ ನೀರು ಸಾಮಾನ್ಯವಾಗಿ ಶಾಫ್ಟ್‌ನ ಎತ್ತರಕ್ಕೆ ಬರುವುದಿಲ್ಲ. ಅದಕ್ಕೇ ಡ್ರಮ್ ನಿಂತಿದ್ದಾಗ ಸೋರಲಿಲ್ಲ. ತಿರುಗಿ ನೀರು ಮೇಲಕ್ಕೆ ಎರಚಿದಾಗಲೇ ಸೋರಿದ್ದು.

ಕಂಪನಿಯ ಕಡೆಯಿಂದ ಬಂದವರು ಬಿಚ್ಚಿ ನೋಡಲಿಲ್ಲ. ಶಬ್ದ ಕೇಳಿ, ಇಡೀ ತೊಟ್ಟಿ ಬದಲಾಯಿಸಬೇಕು, 11,500 ರೂಪಾಯಿ, ಅದರ ಬದಲು ಎಕ್ಸ್‌ಚೇಂಜ್‌ಗೆ ಹಾಕಿ ಅಂದರು. ನಮ್ಮನೆಯವರಿಗೂ ಅದೇ ಸರಿ ಅನ್ನಿಸಿತು. ನನಗೆ ಒಳಗೆ ನೋಡದೆ ತೀರ್ಮಾನ ಮಾಡಲು ಮನಸ್ಸು ಬರಲಿಲ್ಲ. ಈಗಿನ ಎಷ್ಟೋ ಮಷೀನ್‌ಗಳಲ್ಲಿ ತೊಟ್ಟಿಯ ಎರಡು ಹೋಳುಗಳನ್ನು ಬೆಸೆದೇ ಬಿಟ್ಟಿರುತ್ತಾರೆ, ಬೇರಿಂಗ್ ಮಾತ್ರ ಹಾಕುವುದು ಕಷ್ಟ. ನಮ್ಮದರಲ್ಲಿ ಸುತ್ತಲೂ ಸ್ಕ್ರೂ ಕಾಣುತ್ತಿತ್ತು. ಹಾಗಾಗಿ ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಬೇರಿಂಗ್, ಸೀಲ್, ಕೂಲಿ ಎಲ್ಲ ಸೇರಿ 3,500 ಅಂದರು.

ಅವರು ತೊಟ್ಟಿ ಹೊರಗೆ ತೆಗೆದು, ಎರಡು ಹೋಳು ಮಾಡಿ, ಡ್ರಮ್ಮನ್ನು ಮಗುಚಿ ಹಾಕಿದರು. "ಮೇಡಂ, ಬೇರಿಂಗ್ ಬಿಡಿ, ಈ ಕಾಲು ನೋಡಿ" ಅಂದರು. ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಒಂದು ಅಲ್ಯೂಮಿನಿಯಂ ಎರಕದ ಚೌಕಟ್ಟು ಇರುತ್ತದೆ. ಶಾಫ್ಟ್ ಕೂತಿರುವುದು ಅದರಲ್ಲೇ. ಅದರ ಮೇಲೆಲ್ಲ ಬೂದು ಬಣ್ಣದ ಸೋಪಿನ ಕೆಸರು, ಸುಣ್ಣದ ಹಕ್ಕಳೆ. ಅವರು ಸ್ಕ್ರೂಡ್ರೈವರ್‌ನಿಂದ ಕೆರೆದ ಹಾಗೆ ಒಂದು ಕಾಲಿನಿಂದ ಬಿಳಿ ಪುಡಿ ಉದುರಿತು. ಕೆಳಗೆ ಗುಳಿ ಗುಳಿ. ಬುಡದ ಹತ್ತಿರ ಕೂದಲೆಳೆಯಂಥ ಬಿರುಕು.

ಸ್ಟೀಲ್ ಡ್ರಮ್ಮಿಗೆ ಅಂಟಿಕೊಂಡ ಅಲ್ಯೂಮಿನಿಯಂ, ಸದಾ ಒದ್ದೆ, ಜೊತೆಗೆ ಕ್ಷಾರದ ಸೋಪು. ಎರಡು ಲೋಹ ಹೀಗೆ ಸೇರಿದಾಗ ಕರಗುವುದು ಅಲ್ಯೂಮಿನಿಯಂ. ಗಡಸು ನೀರಿಗೆ ನಾವು ಪುಡಿಯನ್ನೂ ಜಾಸ್ತಿ ಹಾಕುತ್ತೇವೆ, ಅದು ಪೂರ್ತಿ ತೊಳೆದು ಹೋಗುವುದೂ ಇಲ್ಲ. ಈ ಕಾಲು ಮುರಿದರೆ ನಿಮಿಷಕ್ಕೆ 1000 ಸುತ್ತು ತಿರುಗುವ ಡ್ರಮ್ ತೊಟ್ಟಿಯನ್ನೇ ಒಡೆಯಬಹುದು.

ಅಲ್ಲಿಗೆ ಲೆಕ್ಕ ಬದಲಾಯಿತು. ಬರೀ ಸೀಲ್, ಬೇರಿಂಗ್ ಆಗಿದ್ದರೆ 3,500 ಕೊಟ್ಟು ಖಂಡಿತ ಮಾಡಿಸುತ್ತಿದ್ದೆ. ಚೌಕಟ್ಟು ಸೇರಿದರೆ 7,000 ಆಗುತ್ತಿತ್ತು. ಹೊಸ 8 ಕೆಜಿ ಮಷೀನ್‌ಗೆ 34,000. ಹಣವನ್ನಷ್ಟೇ ನೋಡಿದರೆ ಆಗಲೂ ರಿಪೇರಿಯೇ ಅಗ್ಗ, ಅಲ್ವಾ? ಆದರೆ ನಮ್ಮ ಮಾಡೆಲ್‌ನ ಹೊಸ ಚೌಕಟ್ಟು ಅವರಿಗೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ ಹಳೇ ಮಷೀನ್‌ನಿಂದ ಬಿಚ್ಚಿದ್ದು, ಅದರ ಶಾಫ್ಟ್‌ನಲ್ಲೂ ಸೀಲ್ ಕೂರುವ ಜಾಗದಲ್ಲಿ ಗೆರೆ ಬಿದ್ದಿತ್ತು. ಅಲ್ಲಿ ನುಣುಪು ಇಲ್ಲದಿದ್ದರೆ ಹೊಸ ಸೀಲ್ ಕೂಡ ಬೇಗ ಸೋರುತ್ತದೆ. ಅದನ್ನು ನೋಡಿದ ಮೇಲೆ ಹೊಸದು ತರುವುದೇ ಸರಿ ಅಂತ ತೀರ್ಮಾನಿಸಿದೆ. ಬಿಚ್ಚಿದ ಕೂಲಿ ಕೊಟ್ಟಿದ್ದಕ್ಕೆ ನನಗೇನೂ ಬೇಸರವಿಲ್ಲ. ನೋಡಿ ತೀರ್ಮಾನ ಮಾಡಿದ ಸಮಾಧಾನ ಇದೆ.

ಹೊಸದು ಬಂದ ಮೇಲೆ ಪುಡಿ ನಿಲ್ಲಿಸಿ ಫ್ರಂಟ್ ಲೋಡ್ ಲಿಕ್ವಿಡ್ ಬಳಸುತ್ತಿದ್ದೇನೆ, ಅದೂ ಅಳತೆ ನೋಡಿ. ಒಂದು ಸಲ ಹೆಚ್ಚಿಗೆ ಜಾಲಿಸುವ ಬಟನ್ ಒತ್ತುತ್ತೇನೆ. ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು ಬಿಸಿನೀರಿನಲ್ಲಿ ಓಡಿಸುತ್ತೇನೆ, ಒಗೆದಾದ ಮೇಲೆ ಬಾಗಿಲು ತೆರೆದೇ ಬಿಡುತ್ತೇನೆ. ಸಾಗಿಸುವಾಗ ಡ್ರಮ್ ಅಲ್ಲಾಡದಂತೆ ಹಿಂದೆ ಹಾಕಿರುವ ಉದ್ದ ಬೋಲ್ಟ್‌ಗಳನ್ನು ತೆಗೆಯದೆ ಮಷೀನ್ ಓಡಿಸಬಾರದು. ತೆಗೆದ ಮೇಲೆ ಎಸೆಯಲೂ ಬಾರದು, ಮನೆ ಬದಲಾಯಿಸುವಾಗ ಮತ್ತೆ ಬೇಕು. ನಾನು ಬಿಲ್ಲಿನ ಜೊತೆ ಅದೇ ಕವರ್‌ನಲ್ಲಿ ಇಟ್ಟಿದ್ದೇನೆ.

ಹಳೆಯದನ್ನು ಅಂಗಡಿಯ ಎಕ್ಸ್‌ಚೇಂಜ್‌ಗೆ ಹಾಕಲಿಲ್ಲ. ಅಷ್ಟೇ ದುಡ್ಡಿಗೆ ಮೆಕ್ಯಾನಿಕ್ ತಗೊಂಡರು. ಅದರ ಮೋಟರ್, ಪಂಪ್, ನಾನು ಹಾಕಿದ ಗ್ಯಾಸ್ಕೆಟ್ ಎಲ್ಲ ಚೆನ್ನಾಗಿದ್ದವು. ಅದೇ ಮಾಡೆಲ್ ಇಟ್ಟುಕೊಂಡವರು ನಮ್ಮ ಏರಿಯಾದಲ್ಲಿ ಇನ್ನೂ ಇದ್ದಾರಂತೆ.