ಹಡಗು ಬಿಡುವ ಗಂಟೆಯಿಂದ ಹಿಂದಕ್ಕೆ ಎಣಿಸಿ

ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದು ‘ಸಮುದ್ರ ಎಲ್ಲಿ?’ ಎಂದು ಸುತ್ತ ನೋಡುವವರು ಕರಾವಳಿಯವರಿಗೆ ಹೊಸಬರಲ್ಲ. ಸ್ಟೇಷನ್ನಿಗೆ ಊರಿನ ಹೆಸರಿದೆ, ಊರು ಮಾತ್ರ ಇನ್ನೂ ಅಷ್ಟು ದೂರ. ಮೆಡಿಟರೇನಿಯನ್ ಕ್ರೂಸಿನ ಬ್ರೋಷರನ್ನೂ ಇದೇ ಅನುಮಾನದಿಂದ ಓದಬೇಕು. ‘ರೋಮ್’ ಎಂದು ಬರೆದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಯಾದಲ್ಲಿ. ಅಲ್ಲಿಂದ ರೋಮ್ ಅಂದರೆ ಕಾರವಾರದಿಂದ ಕುಮಟಾಕ್ಕೆ ಹೋದಷ್ಟು ದಾರಿ, 70 ಕಿ.ಮೀ. ಮೇಲೆ. ‘ಫ್ಲಾರೆನ್ಸ್’ ಅಂದರೆ ಲಿವೋರ್ನೊ ಬಂದರು, ಶಿರಸಿಯಿಂದ ಹುಬ್ಬಳ್ಳಿಗೆ ಹೊರಟ ಹಾಗೆ. ‘ಅಥೆನ್ಸ್’ ಅಂದರೆ ಪಿರೇಯಸ್, ಇದು ಹತ್ತಿರವೇ. ವೆನಿಸ್‌ನದು ಬೇರೆಯೇ ಕಥೆ. 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳಿಗೆ ಅಲ್ಲಿಯ ಜುದೆಕ್ಕಾ ಕಾಲುವೆಗೆ ಪ್ರವೇಶವಿಲ್ಲ. ಹಾಗಾಗಿ ಬ್ರೋಷರಿನ ‘ವೆನಿಸ್’ ರವೆನ್ನಾ ಆಗಿರಬಹುದು, ತ್ರಿಯೆಸ್ತೆಯೂ ಆಗಿರಬಹುದು. ರವೆನ್ನಾದಿಂದ ವೆನಿಸ್‌ಗೆ ಕಾರವಾರದಿಂದ ಭಟ್ಕಳ ದಾಟಿ ಹೋದಷ್ಟು ದೂರ.

ಆದ್ದರಿಂದ ಮೊದಲ ಕೆಲಸ, ಪ್ರತಿ ದಿನದ ಬಂದರಿನ ಹೆಸರು ಮತ್ತು ಸಾಧ್ಯವಾದರೆ ಟರ್ಮಿನಲ್ಲಿನ ಹೆಸರನ್ನೂ ಹುಡುಕಿ ಬರೆದಿಡುವುದು. ಆಮೇಲೆ ಬಂದರು ಬಂದರಿಗೆ ಬೇರೆ ಬೇರೆ ತೀರ್ಮಾನ. ‘ಎಲ್ಲಾ ಕಡೆ ನಾವೇ ಸುತ್ತುತ್ತೇವೆ’ ಎಂಬ ಹಟವೂ ಬೇಡ, ಹೆದರಿ ಏಳೂ ದಿನ ಹಡಗಿನವರ ಬಸ್ಸು ಹತ್ತುವುದೂ ಬೇಡ. ಹಡಗಿನವರ ಟೂರಿಗೆ ದುಬಾರಿ ದರ ಕೊಟ್ಟು ನಾವು ಕೊಳ್ಳುವುದು ಒಂದೇ ಭರವಸೆಯನ್ನು: ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಹೋದವರಿಗೆ ಕಾಯುವುದಿಲ್ಲ. ದೂರದ ಊರು, ಒಂದೇ ದಾರಿ, ಸಂಜೆ ಬೇಗ ಬಿಡುವ ಹಡಗು ಈ ಮೂರೂ ಕೂಡಿದ ದಿನ ಆ ಭರವಸೆಗೆ ದುಡ್ಡು ಕೊಡಬಹುದು. ರವೆನ್ನಾದಿಂದ ವೆನಿಸ್ ಅಂಥದ್ದು. ಪಿರೇಯಸ್, ಬಾರ್ಸಿಲೋನಾ, ನೇಪಲ್ಸ್, ಮಾಂಟೆನೆಗ್ರೊದ ಕೋಟೊರ್, ಕ್ರೊಯೇಷಿಯಾದ ಡುಬ್ರೊವ್ನಿಕ್‌ಗಳಲ್ಲಿ ಕೊಡುವುದು ದಂಡ.

ಲೆಕ್ಕ ಹಾಕುವುದು ಹೀಗೆ

ಚೀಟಿಯ ಮೇಲೆ ಮೊದಲು ಬರೆಯಬೇಕಾದದ್ದು ಹಡಗು ಬಂದು ತಲುಪುವ ಸಮಯ ಅಲ್ಲ. ಹೊರಡುವ ಸಮಯವೂ ಅಲ್ಲ. ‘ಆಲ್ ಅಬೋರ್ಡ್’, ಅಂದರೆ ಎಲ್ಲರೂ ಹಡಗಿನೊಳಗೆ ಇರಲೇಬೇಕಾದ ಗಂಟೆ. ಇದು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮೊದಲು, ಕೆಲವು ಕಡೆ ಒಂದು ಗಂಟೆ ಮೊದಲು. ಅಲ್ಲಿಂದ ಎರಡು ಗಂಟೆ ಹಿಂದಕ್ಕೆ ಬನ್ನಿ. ಆ ಹೊತ್ತಿಗೆ ನೀವು ಬಂದರಿನ ಗೇಟಿನಲ್ಲಿರಬೇಕು. ಅಲ್ಲಿಂದ ಇನ್ನೂ ಹಿಂದಕ್ಕೆ ಪ್ರಯಾಣದ ಸಮಯ ಕಳೆಯಿರಿ.

ಚಿವಿತಾವೆಕ್ಯಾದ ಒಂದು ದಿನವನ್ನೇ ತೆಗೆದುಕೊಳ್ಳೋಣ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಬಿಡುತ್ತದೆ. ಕಾಗದದಲ್ಲಿ 12 ಗಂಟೆ. 7ಕ್ಕೆ ಬಂದ ಹಡಗಿನಿಂದ ಇಳಿಯಲು ಬಿಡುವಾಗ ಏಳೂವರೆ ಆಗಿರುತ್ತದೆ, ಹಡಗಿನವರ ಟೂರಿನ ಜನರಿಗೆ ಮೊದಲ ಸರದಿ. ಬಂದರಿನೊಳಗೆ ನಡೆಯಲು ಬಿಡುವುದಿಲ್ಲ. ಪುಕ್ಕಟೆ ಷಟಲ್ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿಗೆ ತಂದು ಬಿಡುತ್ತದೆ, ಅಲ್ಲಿಂದ ರೈಲು ಸ್ಟೇಷನ್ನಿಗೆ ಇನ್ನೊಂದು ಬಸ್ಸು ಇಲ್ಲವೇ ನಡಿಗೆ. ಟಿಕೆಟ್ ಸಾಲಿನಲ್ಲಿ ನಿಂತು ಎಂಟೂವರೆಯ ಆಸುಪಾಸಿನ ರೈಲು ಹಿಡಿದರೆ ರೋಮಿನ ಸಾನ್ ಪಿಯೆತ್ರೊ ಸ್ಟೇಷನ್ ತಲುಪುವಾಗ ಒಂಬತ್ತೂಕಾಲು, ಒಂಬತ್ತೂವರೆ. ಸಂಜೆಯ ಕಡೆಯಿಂದ ನೋಡಿ: ಆಲ್ ಅಬೋರ್ಡ್ 6.30, ಗೇಟಿನಲ್ಲಿ 4.30, ಚಿವಿತಾವೆಕ್ಯಾ ಸ್ಟೇಷನ್ನಿನಲ್ಲಿ ನಾಲ್ಕಕ್ಕೆ ಮೊದಲು, ಸಾನ್ ಪಿಯೆತ್ರೊದಿಂದ ಹೊರಡುವುದು ಮಧ್ಯಾಹ್ನ ಮೂರಕ್ಕೆ. 12 ಗಂಟೆ ಬಂದರಿನಲ್ಲಿ ನಿಂತ ಹಡಗಿನಿಂದ ರೋಮಿಗೆ ಉಳಿದದ್ದು ಐದೂವರೆ ಗಂಟೆ.

ಐದೂವರೆ ಗಂಟೆಯಲ್ಲಿ ಸೇಂಟ್ ಪೀಟರ್ಸ್ ಚರ್ಚು, ಅಲ್ಲಿಂದ ನಡೆಯುತ್ತ ನವೋನಾ ಚೌಕ, ಪ್ಯಾಂಥಿಯನ್, ಟ್ರೆವಿ ಕಾರಂಜಿ ಆಗುತ್ತದೆ. ಅಥವಾ ಕೊಲೊಸ್ಸಿಯಮ್ ಮತ್ತು ಅದರ ಪಕ್ಕದ ಫೋರಮ್ ಆಗುತ್ತದೆ. ವ್ಯಾಟಿಕನ್ ಮ್ಯೂಸಿಯಂ ಮತ್ತು ಕೊಲೊಸ್ಸಿಯಮ್ ಎರಡನ್ನೂ ಒಂದೇ ದಿನಕ್ಕೆ ಬುಕ್ ಮಾಡಿದವರು ಮಧ್ಯಾಹ್ನ ಎರಡು ಗಂಟೆಗೆ ಟ್ಯಾಕ್ಸಿಯಲ್ಲಿ ಕೂತು ಬೆವರುತ್ತಾರೆ.

ರೈಲಿನಲ್ಲಿ ಎಡವಟ್ಟಾಗುವ ಜಾಗ ಎರಡು. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಮೊಬೈಲ್ ಟಿಕೆಟ್ ಆದರೆ ಹತ್ತುವ ಮೊದಲು ‘ಚೆಕ್-ಇನ್’ ಒತ್ತಬೇಕು. ಮರೆತರೆ ಟಿಕೆಟ್ ಕೈಯಲ್ಲಿದ್ದೂ ದಂಡ. ಎರಡನೆಯದು ವಾಪಸ್ ದಾರಿ. ರೈಲು ರೋಮಿನ ಮುಖ್ಯ ಸ್ಟೇಷನ್ ಟರ್ಮಿನಿಯಿಂದ ಹೊರಟು ಓಸ್ಟಿಯೆನ್ಸೆ, ತ್ರಾಸ್ತೆವೆರೆ ಮೇಲೆ ಸಾನ್ ಪಿಯೆತ್ರೊಗೆ ಬರುವ ಹೊತ್ತಿಗೆ ಕ್ರೂಸಿನವರಿಂದಲೇ ತುಂಬಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಟರ್ಮಿನಿಯಲ್ಲೇ ಹತ್ತಿ. ಆದರೆ ಅಲ್ಲಿ ಚಿವಿತಾವೆಕ್ಯಾ ಕಡೆಯ ಪ್ಲಾಟ್‌ಫಾರ್ಮ್ ಸ್ಟೇಷನ್ನಿನ ಒಂದು ತುದಿಗಿದೆ, ಮುಖ್ಯ ಹಾಲಿನಿಂದ ನಡೆಯಲು ಹತ್ತು ನಿಮಿಷ ಬೇಕು.

ಇಟಲಿಯಲ್ಲಿ ಮುಷ್ಕರಕ್ಕೆ ‘ಶೋಪೆರೊ’ ಅನ್ನುತ್ತಾರೆ, ಮೊದಲೇ ದಿನಾಂಕ ಹೇಳಿಯೇ ಮಾಡುತ್ತಾರೆ. ಹೊರಡುವ ವಾರ ಆ ಪದ ಹಾಕಿ ಹುಡುಕಿ ನೋಡಿ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳಲ್ಲಿ ಒಂದಷ್ಟು ಓಡಲೇಬೇಕೆಂಬ ನಿಯಮವಿದೆ. ಸಮಾಧಾನ ಬೇಡ. ಬೆಳಿಗ್ಗೆಯ ರೈಲು ನಿಮ್ಮನ್ನು ರೋಮಿಗೆ ಮುಟ್ಟಿಸುತ್ತದೆ, ಮಧ್ಯಾಹ್ನ ಮೂರಕ್ಕೆ ವಾಪಸ್ ತರುವ ರೈಲಿಗೆ ಖಾತ್ರಿಯಿಲ್ಲ. ಮುಷ್ಕರದ ದಿನ ಚಿವಿತಾವೆಕ್ಯಾದಲ್ಲೇ ಉಳಿಯಿರಿ, ಇಲ್ಲವೇ ಹಡಗಿನವರ ಬಸ್ಸು ಹತ್ತಿ.

ವೀಸಾ ಎಂಬ ಘಟ್ಟ

ಕ್ರೂಸಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಕೇಳುವಾಗ ‘ಮಲ್ಟಿಪಲ್ ಎಂಟ್ರಿ’ ಎಂದೇ ಬರೆಯಿರಿ. ಹಡಗು ಟರ್ಕಿಗೋ ಮಾಂಟೆನೆಗ್ರೊಗೋ ಹೋಗಿ ಮತ್ತೆ ಗ್ರೀಸಿಗೆ ಬಂದರೆ ಅದು ಎರಡನೇ ಪ್ರವೇಶ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗಿದೆ, ಅಲ್ಲಿ ಈಗ ಯೂರೋ ನಡೆಯುತ್ತದೆ. ಹಳೆಯ ಲೇಖನಗಳನ್ನು ನಂಬಿ ಕೂನಾ ನೋಟು ಹುಡುಕಬೇಡಿ. ಷೆಂಗೆನ್ ವೀಸಾ ಚಾಲ್ತಿಯಲ್ಲಿರುವ ಭಾರತೀಯರಿಗೆ ಟರ್ಕಿ ಇ-ವೀಸಾ ಕೊಡುತ್ತದೆ. ಮಾಂಟೆನೆಗ್ರೊ ಷೆಂಗೆನ್ ವೀಸಾದ ಮೇಲೆಯೇ ಒಳಗೆ ಬಿಡುತ್ತದೆ. ಆದರೂ ಎರಡರ ಬಗ್ಗೆಯೂ ಹಡಗಿನ ಕಂಪನಿಯಿಂದ ಇಮೇಲಿನಲ್ಲಿ ಉತ್ತರ ತರಿಸಿಟ್ಟುಕೊಳ್ಳಿ. ಹತ್ತುವ ದಿನ ಕೌಂಟರಿನಲ್ಲಿ ಕಾಗದ ನೋಡುವವರು ಅವರೇ.

ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಕಳೆಯುವ ದೇಶಕ್ಕೆ, ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಿ ಬರಬೇಕಾದ ಕಾರವಾರದವರು ಪಂಚಗಂಗಾ ರೈಲಿನ ಟಿಕೆಟನ್ನು ಅಪಾಯಿಂಟ್‌ಮೆಂಟ್ ಸಿಕ್ಕಿದ ಮೇಲೆ ಮಾಡುವುದು ಒಳ್ಳೆಯದು, ಮತ್ತು ಸ್ಲಾಟನ್ನು ಬೆಳಿಗ್ಗೆ ಹತ್ತರ ಮೇಲಿನದೇ ಆರಿಸಿ. ಮಳೆಗಾಲದಲ್ಲಿ ಘಟ್ಟದ ಹಳಿಯ ಮೇಲೆ ಮಣ್ಣು ಕುಸಿದರೆ ಆ ರೈಲು ಎಷ್ಟು ಗಂಟೆಗೆ ಬರುತ್ತದೆಂದು ಯಾರೂ ಹೇಳಲಾರರು. ಒಂದು ದಿನ ಮೊದಲೇ ಹೋದರೆ ಇನ್ನೂ ನೆಮ್ಮದಿ.

ಟಿಕೆಟ್ ಮತ್ತು ರಜೆಯ ದಿನ

ಬಂದರಿನ ದಿನ ಯಾವ ವಾರ ಎಂಬುದನ್ನು ಮೊದಲು ನೋಡಿ. ಫ್ಲಾರೆನ್ಸಿನ ಉಫಿಝಿ ಚಿತ್ರಶಾಲೆ ಸೋಮವಾರ ಮುಚ್ಚಿರುತ್ತದೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಇಲ್ಲ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ, ಆ ದಿನದ ಸಾಲು ದೇವರಿಗೇ ಪ್ರೀತಿ. ಬುಧವಾರ ಬೆಳಿಗ್ಗೆ ಪೋಪರ ದರ್ಶನವಿದ್ದರೆ ಸೇಂಟ್ ಪೀಟರ್ಸ್ ಒಳಗೆ ಹೋಗಲು ಕಾಯಬೇಕಾಗುತ್ತದೆ.

ಕೊಲೊಸ್ಸಿಯಮ್ ಟಿಕೆಟ್ 30 ದಿನ ಮೊದಲು ಬಿಡುಗಡೆಯಾಗುತ್ತದೆ, ಹೆಸರಿನ ಮೇಲೆ. ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಪುರಾತನ ಊರು ಪೊಂಪೇಯಲ್ಲಿ 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿ, ಅಲ್ಲೂ ಟಿಕೆಟ್ಟಿನ ಮೇಲೆ ಹೆಸರು. ಅಥೆನ್ಸಿನ ಆಕ್ರೊಪೊಲಿಸ್‌ಗೂ ಗಂಟೆ ನಮೂದಿಸಿದ ಟಿಕೆಟ್. ನಮ್ಮವರ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು, ‘ಹೆಗಡೆ’ಯೋ ‘ಭಟ್ಟ’ರೋ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ತುಂಬಿ. ಬಾಗಿಲಲ್ಲಿ ಗುರುತಿನ ಚೀಟಿಯ ಜೊತೆ ತಾಳೆ ನೋಡುತ್ತಾರೆ.

ಸ್ಲಾಟನ್ನು ಹಡಗು ಬರುವ ಗಂಟೆಗೆ ತೀರಾ ಹತ್ತಿರ ಇಡಬೇಡಿ. ಬಂದರಿಗೆ ಹಡಗು ಒಂದು ಗಂಟೆ ತಡವಾಗಿ ಬರುವುದು ಅಪರೂಪವಲ್ಲ. 7ಕ್ಕೆ ಬರುವ ಹಡಗಿಗೆ ಪಿರೇಯಸ್‌ನಲ್ಲಿ ಹತ್ತು ಗಂಟೆಯ ಸ್ಲಾಟ್ ಸಾಕು, ರೋಮಿನಲ್ಲಿ ಹತ್ತೂವರೆ-ಹನ್ನೊಂದು.

ನೇಪಲ್ಸ್ ಮತ್ತು ಪೊಂಪೇಯ್

ನೇಪಲ್ಸಿನಲ್ಲಿ ಹಡಗು ಊರಿನ ನಡುವೆಯೇ ನಿಲ್ಲುತ್ತದೆ. ಕಾಪ್ರಿ ದ್ವೀಪಕ್ಕೆ ಹೋಗುವ ದೋಣಿಗಳು ಪಕ್ಕದಲ್ಲೇ. ಪೊಂಪೇಯಿಗೆ ಗರಿಬಾಲ್ಡಿ ಅಥವಾ ಪೋರ್ತಾ ನೊಲಾನಾದಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಲೋಕಲ್ ರೈಲು, ಸುಮಾರು 40 ನಿಮಿಷ. ತಪ್ಪಾಗುವುದು ಇಲ್ಲಿ: ‘ಪೊಂಪೇಯ್’ ಹೆಸರಿನ ಸ್ಟೇಷನ್ ಒಂದಕ್ಕಿಂತ ಹೆಚ್ಚಿವೆ. ನಿಮಗೆ ಬೇಕಾದ್ದು ಸೊರೆಂಟೊ ಕಡೆಯ ರೈಲಿನಲ್ಲಿ ಬರುವ ‘ಪೊಂಪೇಯ್ ಸ್ಕಾವಿ – ವಿಲ್ಲಾ ದೇಯ್ ಮಿಸ್ತೇರಿ’. ಬೇರೆ ಕವಲಿನ ರೈಲು ಹತ್ತಿದರೆ ಊರಿನ ಚರ್ಚಿನ ಬಳಿ ಇಳಿಯುತ್ತೀರಿ, ಅವಶೇಷದ ಬಳಿ ಅಲ್ಲ. ಶಿರಸಿ ಮಾರಿಕಾಂಬಾ ಜಾತ್ರೆಯ ನೂಕಿನಲ್ಲಿ ಪರ್ಸು ಹಿಡಿದುಕೊಳ್ಳುವ ಹಾಗೆ ಈ ರೈಲಿನಲ್ಲೂ ಹಿಡಿದುಕೊಳ್ಳಿ, ಬೆನ್ನಿನ ಚೀಲ ಎದೆಗೆ ಬರಲಿ. ಒಳಗೆ ಹೋದ ಮೇಲೆ ನೆರಳು ಕಮ್ಮಿ, ಕಾಲಡಿ ಉಬ್ಬುತಗ್ಗಿನ ಕಲ್ಲುಚಪ್ಪಡಿ. ಹವಾಯಿ ಚಪ್ಪಲಿ ಕೆಲಸಕ್ಕೆ ಬರುವುದಿಲ್ಲ.

ದೋಣಿಯಲ್ಲಿ ಇಳಿಯುವ ಊರುಗಳು

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ದೊಡ್ಡ ಹಡಗಿಗೆ ಕಟ್ಟೆಯೇ ಇಲ್ಲ. ನೀರಿನಲ್ಲಿ ನಿಂತ ಹಡಗಿನಿಂದ ಚಿಕ್ಕ ದೋಣಿಗಳು ಜನರನ್ನು ಹಳೇ ಬಂದರಿಗೆ ಸಾಗಿಸುತ್ತವೆ. ತದಡಿಯಿಂದ ಅಘನಾಶಿನಿಗೆ ತಾರಿ ದಾಟಿದವರಿಗೆ ಇದು ಹೊಸದಲ್ಲ, ಆದರೆ ಇಲ್ಲಿಯ ಲೆಕ್ಕ ಬೇರೆ. ನಮ್ಮ ಕಡಲಿನಲ್ಲಿ ಭರತ-ಇಳಿತ ನೋಡಿ ದೋಣಿ ಬಿಡುತ್ತೇವೆ. ಮೆಡಿಟರೇನಿಯನ್‌ನಲ್ಲಿ ಭರತ-ಇಳಿತ ಹೆಚ್ಚಿನ ಕಡೆ ಗಮನಕ್ಕೂ ಬಾರದಷ್ಟು ಕಡಿಮೆ. ಅಲ್ಲಿ ಎಲ್ಲ ತೀರ್ಮಾನವೂ ಗಾಳಿಯದ್ದು. ಜುಲೈ-ಆಗಸ್ಟಿನಲ್ಲಿ ಏಜಿಯನ್ ಕಡಲಿನ ಮೇಲೆ ‘ಮೆಲ್ಟೆಮಿ’ ಎಂಬ ಬಡಗಣ ಗಾಳಿ ಬೀಸುತ್ತದೆ, ಆಕಾಶ ಶುಭ್ರವಾಗಿಯೇ ಇರುತ್ತದೆ. ಗಾಳಿ ಜೋರಾದರೆ ಕ್ಯಾಪ್ಟನ್ ಆ ಊರನ್ನೇ ಬಿಟ್ಟು ಮುಂದೆ ಹೋಗುತ್ತಾನೆ. ಆದ್ದರಿಂದ ದೋಣಿಯ ಊರುಗಳಲ್ಲಿ ಹಣ ವಾಪಸ್ ಬಾರದ ಯಾವುದನ್ನೂ ಮೊದಲೇ ಬುಕ್ ಮಾಡಬೇಡಿ.

ಹಳೇ ಬಂದರಿನಿಂದ ಮೇಲಿನ ಫಿರಾ ಊರಿಗೆ ಮೂರು ದಾರಿ: ಕೇಬಲ್ ಕಾರ್, ಕತ್ತೆ, 580ಕ್ಕೂ ಹೆಚ್ಚು ಮೆಟ್ಟಿಲು. ಕತ್ತೆ ಮತ್ತು ಮೆಟ್ಟಿಲಿನ ದಾರಿ ಒಂದೇ, ಲದ್ದಿಯ ಮೇಲೆ ಕಾಲು ಜಾರುತ್ತದೆ. ಹತ್ತುವಾಗ ಕೇಬಲ್ ಕಾರ್ ಸಾಲು ಸಹಿಸಬಹುದು, ಇಳಿಯುವಾಗಿನ ಸಾಲೇ ಹಡಗು ತಪ್ಪಿಸುವುದು. ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ ಒಂದು ಗಂಟೆಯ ಮೇಲೂ ನಿಲ್ಲಬೇಕಾದೀತು. ಕೊನೆಯ ದೋಣಿಯ ಸಮಯದಿಂದ ಎರಡು ಗಂಟೆ ಹಿಂದೆ ಫಿರಾದಲ್ಲಿರಿ. ಮೊಣಕಾಲು ಗಟ್ಟಿ ಇದ್ದವರು ಇಳಿಯುವುದನ್ನು ಮಾತ್ರ ಮೆಟ್ಟಿಲಿನಲ್ಲಿ ಮಾಡಬಹುದು.

ಕೋಟೊರ್‌ಗೆ ಯೋಜನೆಯೇ ಬೇಡ, ಕೋಟೆಯ ಬಾಗಿಲು ಹಡಗಿನ ಎದುರಿಗೇ ಇದೆ. ಡುಬ್ರೊವ್ನಿಕ್‌ನಲ್ಲಿ ಗ್ರುಝ್ ಬಂದರಿನಿಂದ ಹಳೇ ಊರು 3 ಕಿ.ಮೀ., ಸಿಟಿ ಬಸ್ಸಿದೆ. ಟರ್ಕಿಯ ಕುಶಾದಸಿ ಬಂದರಿನಿಂದ ಪುರಾತನ ನಗರ ಎಫೆಸಸ್ ಸುಮಾರು 20 ಕಿ.ಮೀ., ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಿ. ಹತ್ತುವ ಮೊದಲು ಹೇಳಿದ ದರ ಗಾಡಿಗೋ ತಲೆಗೋ, ಹೋಗಿ ಬರುವುದಕ್ಕೋ ಹೋಗುವುದಕ್ಕೋ ಎಂದು ಬರೆಸಿಕೊಳ್ಳಿ. ದುಡ್ಡು ಕೊಡುವುದು ನೀವು ಹಡಗಿಗೆ ವಾಪಸ್ ಮುಟ್ಟಿದ ಮೇಲೆ.

ಕಿಸೆಯಲ್ಲಿ ಇರಬೇಕಾದ್ದು

ಫೋನಿನ ಗಡಿಯಾರವನ್ನು ನಂಬಬೇಡಿ. ಇಟಲಿಯಿಂದ ಗ್ರೀಸಿಗೆ ಬಂದರೆ ಒಂದು ಗಂಟೆ ಮುಂದೆ, ಫೋನು ತಾನಾಗಿ ಬದಲಾಗುತ್ತದೆ, ಹಡಗು ಬದಲಿಸಿಕೊಳ್ಳದೇ ಇರಬಹುದು. ಆಲ್ ಅಬೋರ್ಡ್ ಲೆಕ್ಕ ಹಡಗಿನ ಸಮಯದ್ದು. ಕೀಲಿಯ ಹಳೇ ಕೈಗಡಿಯಾರ ಒಂದಿದ್ದರೆ ಹಡಗಿನ ಗಂಟೆಗೆ ಇಟ್ಟು ಕಟ್ಟಿಕೊಳ್ಳಿ. ಹಡಗಿನೊಳಗೆ ಫೋನ್ ಏರ್‌ಪ್ಲೇನ್ ಮೋಡಿನಲ್ಲೇ ಇರಲಿ. ಹಡಗಿನ ಉಪಗ್ರಹ ನೆಟ್‌ವರ್ಕಿಗೆ ತಾನಾಗಿ ಸೇರಿಕೊಂಡರೆ ಬರುವ ಬಿಲ್ಲಿಗೆ ಇನ್ನೊಂದು ಪ್ರವಾಸ ಮಾಡಬಹುದು. ಯುರೋಪಿನ ಸಿಮ್ ಕೊಳ್ಳುವಾಗ ಟರ್ಕಿ, ಮಾಂಟೆನೆಗ್ರೊ ಸೇರಿದೆಯೇ ಕೇಳಿ, ಎಷ್ಟೋ ಪ್ಲಾನುಗಳಲ್ಲಿ ಇರುವುದಿಲ್ಲ. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದರೆ ಬೇಡ ಅನ್ನಿ, ಯೂರೋ ಒತ್ತಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಲಿವೋರ್ನೊದಲ್ಲಿ ಕಡಲೆಹಿಟ್ಟಿನ ‘ತೋರ್ತಾ ದಿ ಚೆಚಿ’ ಸಿಗುತ್ತದೆ, ಜೆನೋವಾದಲ್ಲಿ ಅದನ್ನೇ ‘ಫರಿನಾತಾ’ ಎನ್ನುತ್ತಾರೆ, ನೀಸ್‌ನಲ್ಲಿ ‘ಸೊಕ್ಕಾ’: ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು. ಪಿಜ್ಜಾ ಮಾರಿನಾರಾದಲ್ಲಿ ಚೀಸೂ ಇಲ್ಲ. ಪಾರ್ಮೆಸಾನ್ ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ತೊಡೆದೇವು ಒಯ್ಯಬೇಕೆಂಬ ಆಸೆಯಿದ್ದರೆ ಉಕ್ಕಿನ ಡಬ್ಬಿಯಲ್ಲಿ ಒಯ್ಯಿರಿ, ಚೀಲದಲ್ಲಿ ಒಯ್ದರೆ ಪುಡಿ ತಿನ್ನಬೇಕು. ಹಡಗಿನ ಬಫೆಯ ಹಣ್ಣು, ಹಾಲಿನ ಪದಾರ್ಥ ದಡಕ್ಕೆ ಒಯ್ಯಬೇಡಿ, ಅನೇಕ ಬಂದರುಗಳಲ್ಲಿ ನಿಷೇಧ. ಚರ್ಚುಗಳಿಗೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಸೀರೆ, ಚೂಡಿದಾರದವರಿಗೆ ಈ ಚಿಂತೆಯಿಲ್ಲ, ಬರ್ಮುಡಾ ಹಾಕಿದ ಗಂಡಸರೇ ಬಾಗಿಲಲ್ಲಿ ನಿಲ್ಲುವುದು.

ಹಡಗು ಹೋಗಿಬಿಟ್ಟರೆ

ಪ್ರತಿ ರಾತ್ರಿ ಕೋಣೆಗೆ ಬರುವ ದಿನಚರಿಯ ಹಾಳೆಯಲ್ಲೋ ಆ್ಯಪಿನಲ್ಲೋ ಮರುದಿನದ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರ ಫೋನ್ ನಂಬರ್ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳದೆ ಇಳಿಯಬೇಡಿ. ತಡವಾಗುತ್ತದೆ ಎಂದು ಗೊತ್ತಾದ ಕ್ಷಣವೇ ಆ ನಂಬರಿಗೆ ಕರೆ ಮಾಡಿ, ಹಡಗು ಹೋದ ಮೇಲೆ ಅಲ್ಲ. ಕೋಣೆಯಲ್ಲಿ ಪಾಸ್‌ಪೋರ್ಟ್ ಇದ್ದರೆ ಎಷ್ಟೋ ಹಡಗಿನವರು ಅದನ್ನು ತೆಗೆದು ಏಜೆಂಟರ ಕೈಗೆ ಕೊಟ್ಟು ಹೊರಡುತ್ತಾರೆ. ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದೇ. ವಿಮೆಯ ಕಾಗದದಲ್ಲಿ ಇದು ಸೇರಿದೆಯೇ ಎಂದು ಕೊಳ್ಳುವಾಗಲೇ ಓದಿ, ಸಾಮಾನ್ಯವಾಗಿ ನಿಮ್ಮ ತಪ್ಪಿನಿಂದ ತಡವಾದದ್ದಕ್ಕೆ ಕೊಡುವುದಿಲ್ಲ.

ಯಾವ ದಿನ ಸ್ವಲ್ಪ ಧೈರ್ಯ ಮಾಡಬಹುದು ಎಂಬುದನ್ನು ಮರುದಿನದ ಬಂದರು ಹೇಳುತ್ತದೆ. ರೋಮಿನ ಮರುದಿನ ನೇಪಲ್ಸ್ ಇದ್ದರೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ, ರಾತ್ರಿ ಹೋಟೆಲಿನಲ್ಲಿ ಮಲಗಿ ಬೆಳಿಗ್ಗೆ ಹಡಗಿಗಿಂತ ಮೊದಲೇ ಕಟ್ಟೆಯಲ್ಲಿ ನಿಂತಿರಬಹುದು. ಮರುದಿನ ಸಮುದ್ರದ ಮೇಲೆ, ಅದರ ಮರುದಿನ ಟರ್ಕಿ ಎಂದಿದ್ದರೆ ಮಧ್ಯಾಹ್ನದ ಊಟವನ್ನು ಹಡಗಿನಲ್ಲೇ ಮಾಡಿ.