ಬಿತ್ತುವವನ ಸಾಮ್ಯ: ಒಳಗಿನ ಹೊಲ ಓದುವ ಬಗೆ

ಸುವಾರ್ತೆಯನ್ನು ಅಂತರಂಗದ ಸಂಕೇತವಾಗಿ ಓದಬೇಕೆನ್ನುವವರು ಬೈಬಲಿನ ಮಾರ್ಕ ಸುವಾರ್ತೆಯ 4ನೇ ಅಧ್ಯಾಯದಿಂದ ಶುರುಮಾಡಿ. ಅಲ್ಲಿ ಬಿತ್ತುವವನ ಸಾಮ್ಯವಿದೆ, ಅಂದರೆ ಒಬ್ಬನು ಚೆಲ್ಲಿದ ಬೀಜ ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ ಎಂಬ ನಾಲ್ಕು ಕಡೆ ಬೀಳುವ ದೃಷ್ಟಾಂತಕಥೆ. ಅದರ ಒಳಾರ್ಥವನ್ನು 13ರಿಂದ 20ನೇ ವಚನಗಳಲ್ಲಿ ಯೇಸುವೇ ಬಿಡಿಸಿ ಹೇಳಿದ್ದಾರೆ. ನಿಮ್ಮ ಓದು ಎತ್ತೆತ್ತಲೋ ಹರಿಯದಂತೆ ಬದು ಅಲ್ಲೇ ಇದೆ. ಆ ಭಾಗವನ್ನು ಮಾತ್ರ ಆರನೇ ದಿನದವರೆಗೆ ಓದಬೇಡಿ.

ಮೊದಲ ದಿನ 3ರಿಂದ 9ನೇ ವಚನದವರೆಗೆ ಎರಡು ಸಲ ಗಟ್ಟಿಯಾಗಿ ಓದಿ. ಅಂದು ಅರ್ಥ ಹುಡುಕಬೇಡಿ, ಹೊಲ ನೋಡಿ. ನಮ್ಮ ಕಡೆಯವರು ಎಡವುವುದು ಇಲ್ಲೇ. ರಾಯಚೂರಿನ ಎರೆಹೊಲಗಳಲ್ಲಿ ಕೂರಿಗೆ ಹೂಡಿ ಸಾಲು ಬಿತ್ತುವುದನ್ನು ಕಂಡವರಿಗೆ, ಬೀಜ ದಾರಿಗೆ ಬಿದ್ದದ್ದು ರೈತನ ತಪ್ಪೆನಿಸುತ್ತದೆ. ಯೇಸುವಿನ ನಾಡಿನಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು. ಚೆಲ್ಲುವ ಕೈ ನೆಲ ಆರಿಸುವುದಿಲ್ಲ. ಬಂಡೆಯ ನೆಲವೆಂದರೂ ಹೊಲದಲ್ಲಿ ಚದುರಿದ ಕಲ್ಲುಗಳಲ್ಲ. ಆನೆಗೊಂದಿಯ ಹಾಸುಬಂಡೆಗಳ ಮೇಲೆ ನಾಲ್ಕು ಬೆರಳು ಮಣ್ಣು ಕೂತಿರುತ್ತದಲ್ಲ, ಮೊದಲ ಮಳೆಗೆ ಹಸಿರಾಗಿ, ಮಳೆ ಹಿಂದೆಗೆದರೆ ಬುಡಸಮೇತ ಒಣಗುತ್ತದೆ. ಸಾಮ್ಯದಲ್ಲಿ ಬೀಜ ಬೇಗ ಮೊಳೆತದ್ದು ಮಣ್ಣು ತೆಳುವಾಗಿದ್ದುದರಿಂದ.

ಎರಡನೆಯ ದಿನ ದಾರಿ, ಮೂರನೆಯ ದಿನ ಬಂಡೆ. ಇಪ್ಪತ್ತು ನಿಮಿಷ ಸಾಕು. ನಿನ್ನೆಯ ದಿನದಲ್ಲಿ ಆ ನೆಲ ನಿಮ್ಮೊಳಗೆ ಎಲ್ಲಿ ಕಂಡಿತೆಂದು ಎರಡು ಸಾಲು ಬರೆಯಿರಿ. “ನನ್ನ ಮನಸ್ಸೇ ಕಲ್ಲು” ಎಂದು ಬರೆದರೆ ಪ್ರಯೋಜನವಿಲ್ಲ. “ಸಿಟ್ಟು ಬಿಡುತ್ತೇನೆಂದು ಭಾನುವಾರ ಅಂದುಕೊಂಡದ್ದು ಸೋಮವಾರ ಬಸ್ಸಿನ ಸೀಟಿನ ಜಗಳದಲ್ಲಿ ಒಣಗಿತು” ಎಂದು ಬರೆಯಿರಿ.

ಮುಳ್ಳಿಗೆ ಎರಡು ದಿನ ಬೇಕು. ಬಳ್ಳಾರಿ ಜಾಲಿಯನ್ನು ಮೇಲೆ ಕಡಿದವರಿಗೆ ಗೊತ್ತು: ಬುಡದಿಂದ ಮತ್ತೆ ಕವಲೊಡೆಯುತ್ತದೆ. ಸಾಮ್ಯದ ಮುಳ್ಳೂ ಬೀಜದ ಜೊತೆಗೇ ಮೇಲೆದ್ದಿತು. ಬಿತ್ತುವಾಗ ಕಣ್ಣಿಗೆ ಬಿದ್ದಿರಲಾರದು. ಆ ನೆಲದಲ್ಲಿ ಸತ್ವಕ್ಕೆ ಕೊರತೆಯಿಲ್ಲ, ಅದೇ ಸತ್ವವನ್ನು ಪೈರೂ ಮುಳ್ಳೂ ಹಂಚಿಕೊಳ್ಳುತ್ತವೆ. ಆದ್ದರಿಂದ ನಾಲ್ಕನೆಯ ದಿನ ನಿಮ್ಮ ಚಿಂತೆಗಳ ಪಟ್ಟಿ ಮಾಡಿ. ಐದನೆಯ ದಿನ ಒಂದನ್ನೇ ಹಿಡಿದು, ಅದು ಯಾವ ಆಸೆಯ ಬೇರಿನಿಂದ ಎದ್ದಿತೆಂದು ಕೆಳಗೆ ಕೆಳಗೆ ಅಗೆಯಿರಿ.

ಆರನೆಯ ದಿನ ಒಳ್ಳೆಯ ನೆಲ. ಬಳಿಕ 13ರಿಂದ 20 ಓದಿ, ಬರೆದದ್ದನ್ನು ಅದರ ಪಕ್ಕ ಇಟ್ಟು ತಿದ್ದಿ.

ಕೆಡುವುದು ಮುಖ್ಯವಾಗಿ ಎರಡು ಕಡೆ. ಪಕ್ಕದ ಮನೆಯವರು ಮುಳ್ಳು, ನಾವು ಒಳ್ಳೆಯ ನೆಲ ಎಂದು ಹಂಚಿದ ಕೂಡಲೇ ಓದು ಸತ್ತಂತೆ. ನಾಲ್ಕೂ ನೆಲ ಒಂದೇ ಮನಸ್ಸಿನಲ್ಲಿವೆ. ಇನ್ನೊಂದು, ತತ್ವಪದ ಕೇಳಿ ಬೆಳೆದ ನಮಗೆ ಪ್ರತಿ ಪದದಲ್ಲೂ ಗೂಢಾರ್ಥ ಕಾಣುವ ಚಪಲ. ಒಳ್ಳೆಯ ನೆಲದ ಫಲ ಮೂವತ್ತು, ಅರವತ್ತು, ನೂರು ಪಟ್ಟು ಎಂಬುದನ್ನು ಯೋಗದ ಮೆಟ್ಟಿಲು ಮಾಡಬೇಡಿ. 20ನೇ ವಚನ ಆ ಸಂಖ್ಯೆಗಳಿಗೆ ಬೇರೆ ಅರ್ಥ ಕೊಟ್ಟಿಲ್ಲ. ಯೆರೂಸಲೇಮನ್ನು ಮನುಷ್ಯನ ಆತ್ಮವೆಂದು ಓದಿದ ಪ್ರಾಚೀನ ಕ್ರೈಸ್ತ ಸನ್ಯಾಸಿ ಜಾನ್ ಕ್ಯಾಸಿಯನ್ ಕೂಡ ಅದು ಯೆಹೂದ್ಯರ ನಗರವೆಂಬ ಅರ್ಥವನ್ನು ಅಳಿಸಲಿಲ್ಲ.

ಏಳನೆಯ ದಿನ 26ರಿಂದ 29 ಓದಿ. ಬಿತ್ತಿದವನು ಮಲಗಿ ಏಳುತ್ತಿರುವಾಗ, ಹೇಗೆಂದು ಅವನಿಗೇ ತಿಳಿಯದಂತೆ ಬೀಜ ಬೆಳೆಯುತ್ತದೆ. ಅಂದು ನೋಟುಪುಸ್ತಕ ಮುಚ್ಚಿಯೇ ಇರಲಿ.