ಸೇನೆಯ ಅಧಿಸೂಚನೆಯನ್ನು ಊರಿನ ಬೋರ್ಡಿಗೆ ಇಳಿಸುವುದು: ನನ್ನ ಅನುಭವ

ಕೊರಟಗೆರೆ ಕಡೆಯ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬೋರ್ಡಿಗೆ ರಕ್ಷಣಾ ಇಲಾಖೆಯ ಪ್ರಕಟಣೆಗಳನ್ನು ಸರಳ ಕನ್ನಡದಲ್ಲಿ ಬರೆದು ಅಂಟಿಸುವ ಕೆಲಸ ನನ್ನದು. ಹೆಚ್ಚು ಜನ ನಿಂತು ಓದುವುದು ಅಗ್ನಿವೀರ್ (ನಾಲ್ಕು ವರ್ಷದ ಸೈನಿಕ ಸೇವೆ) ನೇಮಕಾತಿಯದ್ದನ್ನು. ಅದು ಬಿಟ್ಟರೆ ಮಾಜಿ ಸೈನಿಕರ ಪಿಂಚಣಿ ಸೂಚನೆಗಳು, ಎಚ್‌ಎಎಲ್, ಬಿಇಎಂಎಲ್ ಅಪ್ರೆಂಟಿಸ್ ಪ್ರಕಟಣೆಗಳು, ಆಗೊಂದು ಈಗೊಂದು ಟೆಂಡರ್.

ಬರೆಯಲು ಕೂರುವ ಮೊದಲು ನೋಡಬೇಕಾದ್ದು ಇದನ್ನು ಹೊರಡಿಸಿದವರು ಯಾರು ಎಂಬುದು. ಊರಲ್ಲಿ ಎಲ್ಲವನ್ನೂ ‘ಮಿಲಿಟರಿಯವರದ್ದು’ ಅನ್ನುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿರುವ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಂದಿನಿಂದ ‘ಗುಬ್ಬಿಯಲ್ಲಿ ಮಿಲಿಟರಿ ಕೆಲಸ’ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಆ ಕಾರ್ಖಾನೆ ಎಚ್‌ಎಎಲ್‌ನದ್ದು. ಎಚ್‌ಎಎಲ್ ರಕ್ಷಣಾ ಸಚಿವಾಲಯದ ಅಡಿಯ ಕಂಪನಿ, ಸೇನೆಯಲ್ಲ. ಕೆಜಿಎಫ್‌ನ ಬಿಇಎಂಎಲ್ ಕೂಡ ಹಾಗೆಯೇ. ಇವರ ಪ್ರಕಟಣೆಯಲ್ಲಿ ಅಪ್ರೆಂಟಿಸ್ ಎಂದಿದ್ದರೆ ಹಾಳೆಯ ಮೊದಲ ಸಾಲಲ್ಲೇ ‘ಇದು ತರಬೇತಿ, ಖಾಯಂ ಕೆಲಸ ಅಲ್ಲ, ತರಬೇತಿ ಭತ್ಯೆ ಮಾತ್ರ ಸಿಗುತ್ತದೆ’ ಎಂದು ಬರೆಯುತ್ತೇನೆ. 2025ರ ಮೇ 7ರ ನಾಗರಿಕ ರಕ್ಷಣೆಯ ಅಣಕು ಕವಾಯತಿನ ಸೂಚನೆ ಬಂದಾಗಲೂ ಸೇನೆಯ ಆದೇಶವೆಂದೇ ಜನ ತಿಳಿದಿದ್ದರು. ಅದನ್ನು ಹೊರಡಿಸಿದ್ದು ಕೇಂದ್ರ ಗೃಹ ಸಚಿವಾಲಯ. ಯಾವ ಕಚೇರಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದೆಲ್ಲ ಇದರ ಮೇಲೇ ನಿಂತಿರುವುದರಿಂದ ಇಲ್ಲಿ ಎಡವಿದರೆ ಮುಂದಿನ ಬರವಣಿಗೆಯೆಲ್ಲ ದಂಡ.

ಅಗ್ನಿವೀರ್ ವಿಷಯದಲ್ಲಿ ಇನ್ನೊಂದು ಗಂಟಿದೆ. ಸೇನೆಯ ಅಧಿಸೂಚನೆ ಇಡೀ ದೇಶಕ್ಕೆ ಒಂದೇ ಅಲ್ಲ, ಪ್ರತಿ ನೇಮಕಾತಿ ಕಚೇರಿಯೂ ತನ್ನ ವ್ಯಾಪ್ತಿಯ ಜಿಲ್ಲೆಗಳಿಗೆ ಬೇರೆಯಾಗಿ ಹೊರಡಿಸುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರು ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ವಾಟ್ಸಾಪ್‌ನಲ್ಲಿ ತಿರುಗುವುದು ಬೆಳಗಾವಿಯದ್ದೋ ಮಂಗಳೂರಿನದ್ದೋ, ಕೆಲವೊಮ್ಮೆ ಉತ್ತರದ ರಾಜ್ಯದ್ದೋ ಆಗಿರುತ್ತದೆ. ರ‍್ಯಾಲಿಯ (ಮೈದಾನದಲ್ಲಿ ನಡೆಯುವ ದೈಹಿಕ ಪರೀಕ್ಷೆಯ) ವಿವರ ಬೇರೆ, ರಾಜ್ಯ ಬದಲಾದರೆ ಎತ್ತರವೂ ಬೇರೆ. ಹಾಗಾಗಿ ಯಾರೋ ಕಳಿಸಿದ ಪಿಡಿಎಫ್ ಮುಟ್ಟುವುದಿಲ್ಲ. ಸೇನೆಯ ನೇಮಕಾತಿ ಜಾಲತಾಣಕ್ಕೇ ಹೋಗಿ (ವಿಳಾಸದ ಕೊನೆಯಲ್ಲಿ ‘ನಿಕ್ ಡಾಟ್ ಇನ್’ ಇರಬೇಕು) ಬೆಂಗಳೂರಿನದ್ದನ್ನು ಇಳಿಸಿಕೊಂಡು, ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮದಿದೆಯೇ ನೋಡಿಕೊಂಡ ಮೇಲೆಯೇ ಪೆನ್ನು ಹಿಡಿಯುವುದು.

ಹಾಳೆ ಎ4, ಒಂದೇ ಬದಿ. ಮೂಲದ ಕ್ರಮ ಬಿಟ್ಟುಬಿಡುತ್ತೇನೆ. ಅದರಲ್ಲಿ ಮೊದಲ ಪುಟವೆಲ್ಲ ಸಾಮಾನ್ಯ ಸೂಚನೆ, ಅರ್ಹತೆ ಒಂದು ಕೋಷ್ಟಕದೊಳಗೆ, ತಿರಸ್ಕಾರಕ್ಕೆ ಕಾರಣವಾಗುವ ಸಂಗತಿ ಎಲ್ಲೋ ಕೊನೆಯ ಪುಟಗಳಲ್ಲಿ. ಬೋರ್ಡಿನ ಮುಂದೆ ನಿಂತ ಹುಡುಗ ಕೇಳುವುದು ಬೇರೆ: ನನಗೆ ಆಗ್ತದಾ? ಕೊನೇ ದಿನ ಯಾವತ್ತು? ಏನೇನು ಕಾಗದ ಬೇಕು, ಯಾರ ಹತ್ರ ಮಾಡಿಸಬೇಕು? ದುಡ್ಡೆಷ್ಟು? ನಾನು ಬರೆಯುವುದೂ ಅದೇ ಕ್ರಮದಲ್ಲಿ.

‘ನನಗೆ ಆಗ್ತದಾ’ ಎಂಬುದಕ್ಕೆ ಶೇಕಡಾ ಲೆಕ್ಕ ಬರೆದರೆ ಸಾಲದು, ನಮ್ಮ ಮಾರ್ಕ್ಸ್ ಕಾರ್ಡಿನ ಅಂಕಕ್ಕೆ ತಿರುಗಿಸಬೇಕು. ಜನರಲ್ ಡ್ಯೂಟಿಗೆ (ಸಾಮಾನ್ಯ ಸೈನಿಕನ ಹುದ್ದೆ) ಹತ್ತನೇ ತರಗತಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಇರಬೇಕು. ನಮ್ಮ ಎಸ್ಸೆಸ್ಸೆಲ್ಸಿ 625 ಅಂಕದ್ದು. ಅದರ ಶೇ 45 ಎಂದರೆ 281.25. ಆದ್ದರಿಂದ ಬೋರ್ಡಿನಲ್ಲಿ ‘282 ಅಥವಾ ಹೆಚ್ಚು’ ಎಂದೇ ಬರೆಯಬೇಕು. 281 ಬಂದವನಿಗೆ ಶೇ 44.96 ಆಗುತ್ತದೆ, ಅದನ್ನು 45 ಎಂದು ಮೇಲಕ್ಕೆ ಎಳೆದುಕೊಳ್ಳುವ ಹಾಗಿಲ್ಲ. ಪ್ರಥಮ ಭಾಷೆ 125 ಅಂಕದ್ದಾದ್ದರಿಂದ ಅಲ್ಲಿ 42 ಬೇಕು, ಉಳಿದ ವಿಷಯಗಳಲ್ಲಿ 33. ಪಾಸಾದವರೆಲ್ಲ ಅರ್ಹರು ಎಂದು ತಿಳಿಯುವವರೇ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಪ್ರಕಟಿಸಿದ ನಿಯಮದ ಪ್ರಕಾರ ಒಟ್ಟು 206 ಬಂದು, ವಿಷಯವೊಂದರಲ್ಲಿ ಶೇ 30 ಇದ್ದರೂ ಎಸ್ಸೆಸ್ಸೆಲ್ಸಿ ಪಾಸು. ಸೇನೆಯ ಲೆಕ್ಕದಲ್ಲಿ ಅದು ಸಾಲದು. ಟ್ರೇಡ್ಸ್‌ಮನ್ (ಅಡುಗೆ, ಕ್ಷೌರದಂಥ ಕೆಲಸದ) ಹುದ್ದೆಗೆ ಒಟ್ಟು ಅಂಕದ ಷರತ್ತಿಲ್ಲ, ಆದರೆ ಪ್ರತಿ ವಿಷಯದ ಶೇ 33 ಅಲ್ಲಿಯೂ ಉಂಟು.

ಪಾವಗಡ, ಗೌರಿಬಿದನೂರು, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಬೋರ್ಡು ಬರೆಯುವವರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಗಡಿಯ ಆಚೆ ಹಿಂದೂಪುರದಲ್ಲೋ ಮದನಪಲ್ಲಿಯಲ್ಲೋ ಓದಿದ ಮಕ್ಕಳಿರುತ್ತಾರೆ. ಆಂಧ್ರದ ಹತ್ತನೇ ತರಗತಿ 600 ಅಂಕದ್ದು, ಹಾಗಾಗಿ ಅವರಿಗೆ 270. ಅರ್ಜಿ ಯಾವ ನೇಮಕಾತಿ ಕಚೇರಿಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ವಾಸಸ್ಥಳ, ಶಾಲೆಯಲ್ಲ.

ವಯಸ್ಸನ್ನು ‘ಇಷ್ಟು ವರ್ಷದಿಂದ ಇಷ್ಟು ವರ್ಷ’ ಎಂದು ಬರೆದರೆ ಜಗಳವಾಗುತ್ತದೆ, ಯಾವ ದಿನಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಅಧಿಸೂಚನೆಯಲ್ಲಿ ‘ಈ ದಿನದಿಂದ ಆ ದಿನದವರೆಗೆ ಹುಟ್ಟಿದವರು, ಎರಡೂ ದಿನ ಸೇರಿ’ ಎಂದು ಇದ್ದೇ ಇರುತ್ತದೆ. ಆ ಎರಡು ದಿನಾಂಕಗಳನ್ನು ದಪ್ಪ ಅಕ್ಷರದಲ್ಲಿ ಹಾಗೆಯೇ ಎತ್ತಿ ಬರೆದರೆ ಯಾರೂ ಲೆಕ್ಕ ಹಾಕಬೇಕಿಲ್ಲ. ಹೋದ ಸಲದ ಹಾಳೆಯಿಂದ ಮಾತ್ರ ನಕಲು ಮಾಡಬಾರದು, ಪ್ರತಿ ಸಲ ದಿನಾಂಕ ಬದಲಾಗುತ್ತದೆ.

ದೇಹದ ಅಳತೆ: ಕರ್ನಾಟಕದವರಿಗೆ ಜನರಲ್ ಡ್ಯೂಟಿಗೆ 166 ಸೆಂಟಿಮೀಟರ್ ಎತ್ತರ, ಎದೆ 77, ಉಸಿರೆಳೆದಾಗ 5 ಹೆಚ್ಚಬೇಕು. ಓಟ 1.6 ಕಿಲೋಮೀಟರ್. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5.45ರೊಳಗೆ 48. 2025ರಿಂದ ಇನ್ನೆರಡು ಮೆಟ್ಟಿಲು ಸೇರಿವೆ: 6 ನಿಮಿಷದೊಳಗೆ 36, 6.15ರೊಳಗೆ 24. ಪುಲ್‌ಅಪ್ಸ್ 10 ಹೊಡೆದರೆ 40, 6ಕ್ಕೆ ನಿಂತರೆ 16. ಒಂಬತ್ತು ಅಡಿ ಹಳ್ಳ ಜಿಗಿತ, ಅಂಕುಡೊಂಕು ಪಟ್ಟಿಯ ಮೇಲಿನ ನಡಿಗೆಗೆ ಅಂಕವಿಲ್ಲ, ಪಾಸಾದರೆ ಸಾಕು. ಮೈದಾನದ ಸಮಯಗಳನ್ನು ಸೆಕೆಂಡಿನ ಸಮೇತ ಬರೆಯಬೇಕು. ‘ಸುಮಾರು ಐದೂವರೆ ನಿಮಿಷ’ ಎಂದು ಬರೆದ ಹಾಳೆಯಿಂದ ಯಾರಿಗೂ ಉಪಯೋಗವಿಲ್ಲ.

ಓಟಕ್ಕೆ ಮೊದಲು ಆನ್‌ಲೈನ್ ಪರೀಕ್ಷೆ ಎಂಬುದನ್ನೂ ಬಿಡಿಸಿ ಹೇಳಬೇಕಾಗುತ್ತದೆ. 2023ರಿಂದ ಈ ಕ್ರಮ. ಊರಿನ ಹಿರಿಯರು ಈಗಲೂ ‘ರ‍್ಯಾಲಿ ಯಾವಾಗ’ ಎಂದೇ ಕೇಳುವುದು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2025ರಿಂದ 13 ಭಾಷೆಗಳಲ್ಲಿದೆ. ಅರ್ಜಿ ಶುಲ್ಕದಲ್ಲಿ ಅಭ್ಯರ್ಥಿಯ ಪಾಲು 250 ರೂಪಾಯಿ, ಜೊತೆಗೆ ಬ್ಯಾಂಕ್ ಶುಲ್ಕ. ಇದಕ್ಕಿಂತ ಹೆಚ್ಚು ಕೇಳುವವನಿಗೆ ಕೊಟ್ಟದ್ದು ಅವನ ಜೇಬಿಗೆ.

ಸಂಬಳದ ವಿಚಾರದಲ್ಲಿ ನಾನು ಮುಲಾಜು ನೋಡುವುದಿಲ್ಲ. ಮೊದಲ ವರ್ಷ ತಿಂಗಳಿಗೆ 30,000 ಎಂದಿರುತ್ತದೆ, ಕೈಗೆ ಬರುವುದು 21,000. ಉಳಿದ 9,000 ಸೇವಾ ನಿಧಿಗೆ (ಸೇವೆಯ ಕೊನೆಗೆ ಒಟ್ಟಿಗೆ ಸಿಗುವ ಹಣ) ಹೋಗುತ್ತದೆ. ನಾಲ್ಕು ವರ್ಷಕ್ಕೆ ಅಭ್ಯರ್ಥಿಯ ಪಾಲು ಸುಮಾರು 5.02 ಲಕ್ಷ, ಸರ್ಕಾರ ಅಷ್ಟೇ ಸೇರಿಸಿ 10.04 ಲಕ್ಷ, ಮೇಲೆ ಬಡ್ಡಿ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ನಾಲ್ಕು ವರ್ಷದ ನಂತರ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಖಾಯಂ ಮಾಡಿಕೊಳ್ಳುತ್ತಾರೆ. ಮನೆಯವರು ಸಾಲ ಮಾಡಿ ಕೋಚಿಂಗಿಗೆ ಕಳಿಸುವ ಮೊದಲೇ ಈ ಸಾಲುಗಳು ಕಣ್ಣಿಗೆ ಬೀಳಬೇಕು.

ಕಾಗದಪತ್ರದ ಭಾಗಕ್ಕೆ ಅರ್ಧ ಹಾಳೆ ಮೀಸಲು. ರ‍್ಯಾಲಿಯಲ್ಲಿ ಓಡಿ ಗೆದ್ದವನು ಇಲ್ಲಿ ಸೋಲುತ್ತಾನೆ. ಮೂಲದಲ್ಲಿ ‘ಸರಪಂಚರಿಂದ’ ಎಂದಿರುತ್ತದೆ, ನಮ್ಮಲ್ಲಿ ಸರಪಂಚರಿಲ್ಲ. ನಾನು ಹೀಗೆ ಬರೆಯುತ್ತೇನೆ: ‘ವಾಸಸ್ಥಳ ಮತ್ತು ಜಾತಿ ಪ್ರಮಾಣ ಪತ್ರ: ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಆರ್‌ಡಿ ನಂಬರ್ ಇರುವ ಪ್ರತಿ ತೆಗೆದುಕೊಳ್ಳಿ. ನಡತೆ ಪ್ರಮಾಣ ಪತ್ರ, ಅವಿವಾಹಿತ ಪ್ರಮಾಣ ಪತ್ರ: ಗ್ರಾಮ ಪಂಚಾಯಿತಿಯಲ್ಲಿ, ಫೋಟೊ ಅಂಟಿಸಿ ಅದರ ಮೇಲೆ ಮೊಹರು ಬೀಳುವಂತೆ. ಆರು ತಿಂಗಳಿಗಿಂತ ಹಳೆಯದು ನಡೆಯುವುದಿಲ್ಲ. ಶಾಲೆಯ ನಡತೆ ಪತ್ರ: ಕೊನೆಗೆ ಓದಿದ ಶಾಲೆ ಅಥವಾ ಕಾಲೇಜಿನಲ್ಲಿ. ಫೋಟೊ: 20 ಪ್ರತಿ, ಬಿಳಿ ಹಿನ್ನೆಲೆ, ಮೂರು ತಿಂಗಳೊಳಗೆ ತೆಗೆಸಿದ್ದು.’ ಅವಿವಾಹಿತ ಪತ್ರ 21 ತುಂಬದವರಿಗೂ ಬೇಕೇ ಬೇಕು. ‘ಹುಡುಗನಿಗೆ ಮದುವೆ ಆಗೋದಾದರೂ ಹೆಂಗೆ’ ಎಂದು ಅದನ್ನು ಬಿಟ್ಟು ಹೋಗುವವರುಂಟು.

ಆರು ತಿಂಗಳ ಷರತ್ತು ತುಸು ತಂತ್ರದ್ದು. ಅರ್ಜಿ ಹಾಕುವ ದಿನವೇ ಉತ್ಸಾಹದಿಂದ ಪಂಚಾಯಿತಿ ಪತ್ರ ಮಾಡಿಸಿಟ್ಟರೆ ಪರೀಕ್ಷೆ, ಫಲಿತಾಂಶ ಮುಗಿದು ರ‍್ಯಾಲಿ ಬರುವ ಹೊತ್ತಿಗೆ ಅದು ಹಳತಾಗಿರುತ್ತದೆ. ಆದ್ದರಿಂದ ಕಾಗದಗಳನ್ನು ‘ಈಗಲೇ’, ‘ಪರೀಕ್ಷೆ ಪಾಸಾದ ಮೇಲೆ’ ಎಂದು ಎರಡು ಗುಂಪು ಮಾಡುತ್ತೇನೆ. ಜಾತಿ, ವಾಸಸ್ಥಳ, ಹೆಸರಿನ ತಿದ್ದುಪಡಿ ಮೊದಲ ಗುಂಪಿನವು. ಅಫಿಡವಿಟ್, ಪಂಚಾಯಿತಿ ಪತ್ರ, ಫೋಟೊ ಎರಡನೆಯವು. ಅಫಿಡವಿಟ್‌ನ ನಮೂನೆ ಅಧಿಸೂಚನೆಯ ಕೊನೆಯಲ್ಲೇ ಇರುತ್ತದೆ. ಅದನ್ನು ಮುದ್ರಿಸಿಕೊಂಡು ಟೈಪಿಂಗ್ ಅಂಗಡಿಗೆ ಒಯ್ಯಬೇಕು, ಅವರ ಹಳೇ ನಮೂನೆಗೆ ಹೆಸರು ತುಂಬಿಸಿಕೊಂಡು ಬಂದರೆ ಆಗದು.

ಹೆಸರಿನ ಗೊಂದಲ ನಮ್ಮ ಇನಿಷಿಯಲ್ ಪದ್ಧತಿಯಿಂದ ಬರುವಂಥದ್ದು. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಎನ್ ಆರ್’, ಆಧಾರ್‌ನಲ್ಲಿ ‘ಮಂಜುನಾಥ’ ಅಷ್ಟೇ, ತಂದೆಯ ಹೆಸರು ಒಂದರಲ್ಲಿ ‘ನರಸಿಂಹಯ್ಯ’, ಇನ್ನೊಂದರಲ್ಲಿ ‘ನರಸಿಂಹಪ್ಪ’. ಸೇನೆಗೆ ಆಧಾರ ಹತ್ತನೇ ತರಗತಿಯ ಅಂಕಪಟ್ಟಿ. ಉಳಿದ ದಾಖಲೆಗಳನ್ನು ಅದಕ್ಕೆ ಸರಿಹೊಂದಿಸಬೇಕು. ಆಧಾರ್ ತಿದ್ದುಪಡಿಗೆ ದಿನ ಹಿಡಿಯುವುದರಿಂದ ನೋಂದಣಿ ಶುರುವಾಗುವ ಮೊದಲೇ ಮುಗಿಸಿಕೊಳ್ಳಬೇಕು.

ಪಿಂಚಣಿ ಸೂಚನೆಗಳು ಚಿಕ್ಕವು, ಆದರೆ ಓದುವವರು ಎಂಬತ್ತರ ಆಸುಪಾಸಿನವರು. ಅಕ್ಷರ ದೊಡ್ಡದಿರಬೇಕು, ‘ತಾವು’ ಎಂದೇ ಇರಬೇಕು. ಪಿಂಚಣಿ ಸ್ಪರ್ಶ್ ಎಂಬ ರಕ್ಷಣಾ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ ಬಂದ ಮೇಲೆ ಜೀವಂತ ಪ್ರಮಾಣ ಪತ್ರದಲ್ಲಿ ಒಂದೇ ಬಗೆಯ ಪಜೀತಿ ಮತ್ತೆ ಮತ್ತೆ ಆಗುತ್ತದೆ. ಸೇವಾ ಕೇಂದ್ರದವರು ‘ಪಿಂಚಣಿ ವಿತರಿಸುವವರು’ ಎಂಬಲ್ಲಿ ರೂಢಿಯಂತೆ ಬ್ಯಾಂಕ್ ಒತ್ತಿಬಿಡುತ್ತಾರೆ. ಬೆರಳಚ್ಚು ಸರಿ ಬೀಳುತ್ತದೆ, ಚೀಟಿಯೂ ಕೈಗೆ ಬರುತ್ತದೆ, ಆದರೆ ಪತ್ರ ಸ್ಪರ್ಶ್‌ಗೆ ತಲುಪುವುದೇ ಇಲ್ಲ. ಅಲ್ಲಿ ಆರಿಸಬೇಕಾದ್ದು ‘ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್’. ಮಂಜೂರು ಮಾಡಿದವರು ಎಂಬಲ್ಲಿ ಭೂಸೇನೆಯವರಿಗೆ ‘ಡಿಫೆನ್ಸ್ – ಪಿಸಿಡಿಎ (ಪಿ) ಅಲಹಾಬಾದ್’. ಊರಿನ ಹೆಸರು ಪ್ರಯಾಗ್‌ರಾಜ್ ಆಗಿದ್ದರೂ ಪಟ್ಟಿಯಲ್ಲಿ ಹುಡುಕಬೇಕಾದ್ದು ಅಲಹಾಬಾದ್ ಎಂದೇ. ಈ ಎರಡು ಸಾಲನ್ನು ಚಿಕ್ಕ ಚೀಟಿಯಲ್ಲಿ ಮುದ್ರಿಸಿಟ್ಟಿದ್ದೇನೆ. ಹಿರಿಯರು ಅದನ್ನು ಪಿಪಿಒ (ಪಿಂಚಣಿ ಮಂಜೂರಾತಿ ಪತ್ರ) ಜೊತೆ ಇಟ್ಟುಕೊಂಡು ಕೌಂಟರಿನಲ್ಲಿ ತೋರಿಸಿದರಾಯಿತು. ಓಡಾಡಲಾಗದವರಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ.

ಸುಳ್ಳು ಪ್ರಕಟಣೆಗಳ ಬಗ್ಗೆ ಬೋರ್ಡಿನ ಮೂಲೆಯಲ್ಲಿ ಖಾಯಂ ಜಾಗವಿದೆ. 2025ರ ಏಪ್ರಿಲ್ ಕೊನೆಯಲ್ಲಿ ಸೇನೆಯ ಆಧುನೀಕರಣಕ್ಕೆ ದೇಣಿಗೆ ಕೊಡಿ ಎಂದು ಬ್ಯಾಂಕ್ ಖಾತೆಯ ಸಮೇತ ಸಂದೇಶ ಹರಿದಾಡಿತು. ಅದು ದಾರಿ ತಪ್ಪಿಸುವಂಥದ್ದು ಎಂದು ರಕ್ಷಣಾ ಸಚಿವಾಲಯವೇ ಸ್ಪಷ್ಟನೆ ಕೊಟ್ಟಿತು. ನನ್ನ ಪರೀಕ್ಷೆ ಸರಳ: ಮೂಲ ಜಾಲತಾಣದಲ್ಲಿ ಅದೇ ದಿನಾಂಕದ ಅದೇ ಪ್ರಕಟಣೆ ಸಿಗದಿದ್ದರೆ ಬೋರ್ಡಿಗೆ ಏರಿಸುವುದಿಲ್ಲ, ತಂದವರು ಎಷ್ಟೇ ದೊಡ್ಡವರಿರಲಿ.

ಟೆಂಡರ್ ಪ್ರಕಟಣೆ ವಸಂತನರಸಾಪುರದ ಸಣ್ಣ ಕಾರ್ಖಾನೆಯವರಿಗೆ ಮಾತ್ರ ಬೇಕಾದ್ದರಿಂದ ಐದಾರು ಸಾಲಿನಲ್ಲಿ ಮುಗಿಸುತ್ತೇನೆ. ಉದ್ಯಮ್ (ಸಣ್ಣ ಉದ್ಯಮದ) ನೋಂದಣಿ ಇದ್ದರೆ ಇಎಂಡಿ (ಟೆಂಡರ್ ಠೇವಣಿ) ವಿನಾಯಿತಿ ಉಂಟೇ, ಮಾದರಿ ಕೊಡಬೇಕೇ, ಕೊನೇ ಗಂಟೆ ಯಾವುದು, ಅಷ್ಟೇ. ಗಂಟೆ ಎಂದರೆ ಸರ್ವರ್ ಗಡಿಯಾರದ್ದು, ಅಂಗಡಿಯ ಗೋಡೆಯದ್ದಲ್ಲ.

ತಿದ್ದುಪಡಿ ಪ್ರಕಟಣೆ ಬಂದಾಗ ಹಳೇ ಹಾಳೆ ಕಿತ್ತು ಹೊಸದು ಅಂಟಿಸಬಾರದು. ಹಳೇ ದಿನಾಂಕದ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು, ಬದಲಾದ ದಿನವನ್ನು ಬರೆಯಬೇಕು. ಮೊದಲು ಓದಿಹೋದವನಿಗೆ ಬದಲಾವಣೆ ಕಾಣುವುದು ಹೀಗೆ ಮಾತ್ರ. ನೋಂದಣಿ ಮುಗಿದ ಮೇಲೂ ಅಗ್ನಿವೀರ್ ಅಧಿಸೂಚನೆಯ ಪೂರ್ಣ ಪ್ರತಿಯನ್ನು ಫೈಲಿನಲ್ಲಿ ಇಟ್ಟಿರಬೇಕು: ರ‍್ಯಾಲಿಗೆ ಬೇಕಾದ ಕಾಗದಗಳ ಪಟ್ಟಿ, ಅಫಿಡವಿಟ್ ನಮೂನೆ ಇರುವುದು ಅದರಲ್ಲೇ, ತಿಂಗಳುಗಳ ನಂತರ ಹುಡುಗರು ಕೇಳಿಕೊಂಡು ಬರುವುದೂ ಅದನ್ನೇ.